ಯುದ್ಧಕಾಲದಲ್ಲಿ ‘ಶಾಂತಿ’ ಎಂಬ ಮಾತು

ಮಹಾಭಾರತದಲ್ಲಿ ಕೃಷ್ಣನು ಸಂಧಾನಕ್ಕಾಗಿ ಹಸ್ತಿನಾವತಿಗೆ ಹೋಗುವುದು ಉದ್ಯೋಗಪರ್ವದಲ್ಲಿ. ಶಾಂತಿಪರ್ವ ಬರುವುದು ಹದಿನೆಂಟು ದಿನಗಳ ಯುದ್ಧ ಮುಗಿದು, ಸ್ತ್ರೀಪರ್ವದ ಗೋಳೂ ಅಡಗಿದ ಮೇಲೆ. ಐದು ಗ್ರಾಮಗಳನ್ನು ಕೊಟ್ಟಿದ್ದರೆ ಉಳಿಯುತ್ತಿದ್ದ ಶಾಂತಿಯೂ ಶರಶಯ್ಯೆಯ ಬಳಿ ಧರ್ಮರಾಯನು ಅರಸಿದ ಶಾಂತಿಯೂ ಒಂದೇ ಅಲ್ಲ. ಆದರೆ ಯುದ್ಧಕಾಲದ ಚರ್ಚೆಗಳಲ್ಲಿ ಮೊದಲನೆಯದರ ಸ್ಥಾನಕ್ಕೆ ಎರಡನೆಯದು ಸದ್ದಿಲ್ಲದೆ ಬಂದುಬಿಡುತ್ತದೆ. ವ್ಯಾಕರಣದಲ್ಲಿ ಒಂದು ಅಕ್ಷರದ ಸ್ಥಾನಕ್ಕೆ ಇನ್ನೊಂದು ಬಂದರೆ ಆದೇಶವೆನ್ನುತ್ತೇವೆ. ಇಲ್ಲಿ ಅಕ್ಷರಗಳು ಹಾಗೆಯೇ ಇದ್ದು ಅರ್ಥ ಮಾತ್ರ ಬದಲಾಗುವುದರಿಂದ ಕಿವಿಗೆ ಅದು ಗೊತ್ತಾಗುವುದಿಲ್ಲ.

ಮೊದಲ ಮಹಾಯುದ್ಧದ ಕಾಲದ ಅಮೆರಿಕವನ್ನು ನೋಡೋಣ. ದೇಶವನ್ನು ಯುದ್ಧದಿಂದ ದೂರವಿಟ್ಟವರೆಂಬ ಹೆಗ್ಗಳಿಕೆಯೊಂದಿಗೆ ವುಡ್ರೋ ವಿಲ್ಸನ್ನರು 1916ರ ಚುನಾವಣೆಯನ್ನು ಗೆದ್ದರು. 1917ರ ಜನವರಿ 22ರಂದು, ಯಾರೂ ಗೆಲ್ಲದ ಶಾಂತಿಯೇ ಬಾಳುವಂಥದೆಂದು ಸೆನೆಟ್ಟಿನಲ್ಲಿ ವಾದಿಸಿದರು. ಏಪ್ರಿಲ್ 2ರಂದು ಅವರೇ ಲೋಕದ ಶಾಂತಿಯ ಹೆಸರಿನಲ್ಲಿ ಯುದ್ಧಕ್ಕೆ ಅನುಮತಿ ಕೇಳಿದರು, 6ರಂದು ಯುದ್ಧಘೋಷಣೆಯಾಯಿತು.

ಅವರನ್ನು ಕಪಟಿಯೆನ್ನಲು ನಮಗೆ ಮನಸ್ಸಿಲ್ಲ. ನಡುವೆ ಜರ್ಮನಿಯ ಜಲಾಂತರ್ಗಾಮಿಗಳು ತಟಸ್ಥ ದೇಶಗಳ ಹಡಗುಗಳನ್ನೂ ಮುಳುಗಿಸತೊಡಗಿದ್ದವು. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂಬವನ ಎದುರು ಪಾಂಡವರು ಮಾಡಬಹುದಾದದ್ದಾದರೂ ಏನಿತ್ತು? ಗೆದ್ದಲ್ಲದೆ ಶಾಂತಿಯಿಲ್ಲವೆಂಬ ಮಾತು ಕೆಲವೊಮ್ಮೆ ನಿಜವೇ. ನಮ್ಮ ಆಕ್ಷೇಪವಿರುವುದು ಬೇರೆಡೆ. ಹಳೆಯ ಅರ್ಥವನ್ನು ಬಿಡದವನನ್ನು ದ್ರೋಹಿಯೆನ್ನುವ ಹಕ್ಕು ಹೊಸ ಅರ್ಥಕ್ಕೆ ಎಲ್ಲಿಂದ ಬಂತು? ಬಲರಾಮನು ಕುರುಕ್ಷೇತ್ರದಲ್ಲಿ ಯಾವ ಪಕ್ಷಕ್ಕೂ ನಿಲ್ಲದೆ ತೀರ್ಥಯಾತ್ರೆಗೆ ಹೊರಟುಹೋದನು; ಅವನನ್ನು ಯಾರೂ ಸೆರೆಗೆ ತಳ್ಳಲಿಲ್ಲ.

ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್ ಅವರಿಗೆ ಆ ಭಾಗ್ಯವಿರಲಿಲ್ಲ. 1918ರ ಜೂನಿನಲ್ಲಿ ಅವರು ಒಹಾಯೋದ ಕ್ಯಾಂಟನ್ ಊರಿನಲ್ಲಿ ಭಾಷಣ ಮಾಡಿದರು. ರಣದಲ್ಲಿ ಸಾಯುವ ದುಡಿಮೆಗಾರನನ್ನು ಯುದ್ಧ ಸಾರುವಾಗಲೂ ಸಂಧಿ ಮಾಡುವಾಗಲೂ ಯಾರೂ ಕೇಳುವುದಿಲ್ಲವೆಂಬುದು ಅವರ ಮಾತಿನ ತಿರುಳು. ಅದಕ್ಕೆ ವಿಧಿಸಿದ್ದು ಹತ್ತು ವರ್ಷಗಳ ಸೆರೆಮನೆ. ಆಗ ಅವರ ವಯಸ್ಸು 62. ಸರ್ವೋಚ್ಚ ನ್ಯಾಯಾಲಯವೂ ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಸೆರೆಯಿಂದಲೇ 1920ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಅವರಿಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಮತಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ವಿಲ್ಸನ್ನರಿಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ಡೆಬ್ಸ್ ಅವರನ್ನು ಬಿಡುಗಡೆ ಮಾಡಲು ಅವರು ಕೊನೆಯವರೆಗೂ ಒಪ್ಪಲಿಲ್ಲ. ಮುಂದಿನ ಅಧ್ಯಕ್ಷ ಹಾರ್ಡಿಂಗರು 1921ರ ಕ್ರಿಸ್‌ಮಸ್‌ನಂದು ಬಿಡಿಸಿದರು. ಯುದ್ಧ ನಿಂತು ಆಗ ಮೂರು ವರ್ಷ ಕಳೆದಿತ್ತು.