ರಿಪೋರ್ಟ್ ಯಾರ ಅಮಾನತ್?

ಸ್ತನ ಕ್ಯಾನ್ಸರ್ ಕೋಶಗಳಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನನ್ನು ಅಳೆಯುವ ಪರೀಕ್ಷೆ 'ಸಿಎ 15-3'. ರೋಗ ಹರಡಿದವರಲ್ಲಿ ಅಂಕಿ ಇಳಿದರೆ ಔಷಧಿ ನಾಟುತ್ತಿದೆ, ಏರುತ್ತಲೇ ಹೋದರೆ ಸೋಲುತ್ತಿದೆ ಎಂದು ವೈದ್ಯರು ಅಂದಾಜಿಸುತ್ತಾರೆ. ಅಂದಾಜು ಮಾತ್ರ. ಹೊಸ ಚಿಕಿತ್ಸೆಯ ಮೊದಲ 4-6 ವಾರಗಳಲ್ಲಿ ಅದು ಸುಮ್ಮನೆಯೂ ಏರಬಹುದು.

ನಮ್ಮ ಮನೆಗಳಲ್ಲಿ ಆ ಕಾಗದವನ್ನು ಮೊದಲು ಓದುವವರು ಗಂಡ, ಮಗ, ಅಳಿಯ. ಅಂಕಿ ಏರಿದ್ದರೆ ಲಕೋಟೆ ಬೀರು ಸೇರುತ್ತದೆ. ಅವಳಿಗೆ 'ಎಲ್ಲ ನಾರ್ಮಲ್' ಎನ್ನುತ್ತೇವೆ. ಇದಕ್ಕೆ ಕರುಣೆಯೆಂದು ಹೆಸರಿಟ್ಟಿದ್ದೇವೆ. ನಿಜದಲ್ಲಿ ಅವಳ ಕಣ್ಣೀರನ್ನು ಎದುರಿಸಲು ನಮಗೇ ಭಯ. ಅವಳಿಗೂ ತೀರಿಸಬೇಕಾದ ಸಾಲವಿದೆ, ಮಗಳಿಗೆ ಹೇಳಬೇಕಾದ ಮಾತಿದೆ.

ನಂಬಿ ಒಪ್ಪಿಸಿದ್ದನ್ನು ಉರ್ದುವಿನಲ್ಲಿ ಅಮಾನತ್ ಎನ್ನುತ್ತೇವೆ. ಆ ರಿಪೋರ್ಟ್ ಅವಳ ಅಮಾನತ್. ರಕ್ತ ಕೊಡುವ ಮೊದಲೇ ಕೇಳೋಣ: ನೀನೇ ನೋಡುತ್ತೀಯಾ, ನಾವು ನೋಡಬೇಕೇ? ನನಗೆ ಬೇಡವೆಂದರೆ ಅದೂ ಅವಳದೇ ತೀರ್ಮಾನ.