ಅಕ್ಷರ ಮತ್ತು ತಾತ್ಪರ್ಯ: ಎಡನೀರು ಮಠದ ಮೊಕದ್ದಮೆ

ಗ್ರಂಥವೊಂದು ಬಾಯಿಬಿಟ್ಟು ಹೇಳದ ಮಾತನ್ನು ಅದರದೇ ಮಾತೆಂದು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬ ಪ್ರಶ್ನೆ ನ್ಯಾಯಾಧೀಶರಿಗಿಂತ ಬಹಳ ಮೊದಲೇ ಶಾಸ್ತ್ರಕಾರರನ್ನು ಕಾಡಿತ್ತು. ವೇದವಾಕ್ಯಗಳ ಅರ್ಥನಿರ್ಣಯಕ್ಕೆಂದೇ ಬೆಳೆದ ಮೀಮಾಂಸೆಯ ಪ್ರಕಾರ ಪದದ ನೇರ ಅರ್ಥಕ್ಕೆ, ಅಂದರೆ ಮುಖ್ಯಾರ್ಥಕ್ಕೆ, ಮೊದಲ ಮನ್ನಣೆ. ಅದು ಹೊಂದದಿದ್ದಾಗ ಮಾತ್ರ ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಹಿಡಿಯಬೇಕು, ಇದಕ್ಕೆ ಲಕ್ಷಣೆ ಎಂದು ಹೆಸರು. ಗಂಗೆಯಲ್ಲಿ ಗೊಲ್ಲರ ಹಟ್ಟಿ ಇದೆ ಎಂದಾಗ, ನೀರಿನ ಮೇಲೆ ಹಟ್ಟಿ ನಿಲ್ಲಲಾರದಾದ್ದರಿಂದ, ದಡದಲ್ಲಿದೆ ಎಂದು ತಿಳಿಯಬೇಕು. ಆದರೆ ದಡವನ್ನೂ ದಾಟಿ ಗುಡ್ಡ ಹತ್ತುವ ಸ್ವಾತಂತ್ರ್ಯ ಅರ್ಥ ಹೇಳುವವನಿಗಿಲ್ಲ.

ಅಮೆರಿಕದ ಗಣರಾಜ್ಯವು 1791ರಲ್ಲಿ ರಾಷ್ಟ್ರೀಯ ಬ್ಯಾಂಕಿನ ವಿಷಯದಲ್ಲಿ ಎದುರಿಸಿದ್ದೂ ಇದೇ ತೊಡಕನ್ನು. ಅಲ್ಲಿನ ಶಾಸನಸಭೆಗೆ ಕೊಟ್ಟ ಅಧಿಕಾರಗಳ ಪಟ್ಟಿಯಲ್ಲಿ ಬ್ಯಾಂಕಿನ ಹೆಸರಿಲ್ಲವೆಂದು ಜೆಫರ್ಸನ್ ಅದನ್ನು ವಿರೋಧಿಸಿದರೆ, ಕೊಟ್ಟ ಅಧಿಕಾರವನ್ನು ನಡೆಸಲು ಬೇಕಾದ ಸಾಧನವೂ ಅದರೊಳಗೇ ಅಡಗಿರುತ್ತದೆಂದು ಹ್ಯಾಮಿಲ್ಟನ್ ವಾದಿಸಿದನು. ಅಧ್ಯಕ್ಷ ವಾಷಿಂಗ್ಟನ್ ಮಸೂದೆಗೆ ಸಹಿ ಹಾಕಿದನು. ಅಲ್ಲಿ ಬಿಗಿಯಾದ ಓದು ಸರ್ಕಾರದ ಕೈಕಟ್ಟುತ್ತಿತ್ತು, ಸಡಿಲವಾದದ್ದು ಬಿಚ್ಚುತ್ತಿತ್ತು. (ಅದೇ ಜೆಫರ್ಸನ್ ತಾನು ಅಧ್ಯಕ್ಷನಾಗಿ 1803ರಲ್ಲಿ, ಸಂವಿಧಾನದಲ್ಲಿ ಸ್ಪಷ್ಟ ಆಧಾರವಿಲ್ಲದೆಯೇ, ಲೂಯಿಸಿಯಾನವನ್ನು ಕೊಂಡದ್ದು ಬೇರೆ ಮಾತು.)

ಭಾರತದಲ್ಲಿ ಈ ಲೆಕ್ಕ ತಲೆಕೆಳಗಾಯಿತು, ಮತ್ತು ಅದಕ್ಕೆ ನೆಪವಾದದ್ದು ಕಾಸರಗೋಡಿನ ಕನ್ನಡ ಪರಿಸರದ ಎಡನೀರು ಮಠ. ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆಗೆ ಸೇರಿದ ಈ ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಜಮೀನಿಗೆ ಒದಗಿದ ಆಪತ್ತಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ 24ನೇ ತಿದ್ದುಪಡಿ ಬಂದು, ಸಂವಿಧಾನದ ಯಾವುದೇ ಉಪಬಂಧವನ್ನು ಸೇರಿಸಿ, ಬದಲಿಸಿ ಅಥವಾ ತೆಗೆದುಹಾಕಿ ತಿದ್ದುವ ಅಧಿಕಾರ ಸಂಸತ್ತಿಗಿದೆ ಎಂದು 368ನೇ ಅನುಚ್ಛೇದದಲ್ಲಿ ಬರೆಯಲಾಗಿತ್ತು. ಇದನ್ನು ಅಕ್ಷರಶಃ ಓದಿದರೆ ಸಂಸತ್ತಿಗೆ ಎಲ್ಲೆಯೇ ಇಲ್ಲ; ಎಲ್ಲೆ ಬೇಕೆಂದರೆ ಬರೆಯದ ಮಾತನ್ನು ಓದಬೇಕು. ಹೀಗೆ ಅಧಿಕಾರಕ್ಕೆ ಕಡಿವಾಣ ಬಯಸಿದವರು ಹ್ಯಾಮಿಲ್ಟನ್ನನ ದಾರಿ ಹಿಡಿಯಬೇಕಾಯಿತು, ಸರ್ಕಾರದ ಪರ ನಿಂತವರು ಜೆಫರ್ಸನ್ನನ ದಾರಿಯನ್ನು.

ಹದಿಮೂರು ನ್ಯಾಯಮೂರ್ತಿಗಳ ಪೀಠವು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು 7-6ರ ಬಹುಮತದಿಂದ ತೀರ್ಪಿತ್ತಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿ, ಕಾರ್ಕಳ ಸೀಮೆಯ ಕೌಡೂರಿನ ಕೆ. ಎಸ್. ಹೆಗ್ಡೆ ಮೊದಲಾದವರು ಸಂವಿಧಾನದ ಒಟ್ಟು ರಚನೆಯಿಂದಲೇ ಅಡಗಿರುವ ಮಿತಿಗಳನ್ನು ಊಹಿಸಿದರು. ಆದರೆ ತಕ್ಕಡಿಯನ್ನು ವಾಲಿಸಿದ ಎಚ್. ಆರ್. ಖನ್ನಾ ಅವರಿಗೆ ಅಂಥ ಊಹೆ ಒಪ್ಪಿಗೆಯಾಗಲಿಲ್ಲ. ತಿದ್ದುವುದೆಂದರೆ ತಿದ್ದಿಸಿಕೊಳ್ಳುವ ವಸ್ತು ತನ್ನ ಗುರುತು ಕಳೆದುಕೊಳ್ಳದೆ ಉಳಿಯಬೇಕು, ಸಂವಿಧಾನವನ್ನೇ ಅಳಿಸಿಹಾಕುವುದು ತಿದ್ದುಪಡಿಯಾಗದು ಎಂಬುದಷ್ಟೇ ಅವರ ನಿಲುವು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಖನ್ನಾ ಲಕ್ಷಣೆಗೆ ಇಳಿಯದೆ ಮುಖ್ಯಾರ್ಥದಲ್ಲೇ ನಿಂತರು. ಉದಾರ ಓದಿನ ದೊಡ್ಡ ಗೆಲುವೆಂದು ಹೆಸರಾದ ತೀರ್ಪು ವಾಸ್ತವವಾಗಿ ಬಿಗಿಯಾದ ಓದಿನ ಒಂದು ಮತದ ಮೇಲೆ ನಿಂತಿದೆ ಎಂಬುದನ್ನು ಅದನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಗಮನಿಸುವುದಿಲ್ಲ. ಭೂಸುಧಾರಣೆಗೆ ರಕ್ಷೆಯಾಗಿದ್ದ 29ನೇ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿದುದರಿಂದ ಮಠಕ್ಕೆ ಬಯಸಿದ ಪರಿಹಾರ ಸಿಗಲಿಲ್ಲ.

ಹೆಚ್ಚು ಕಠಿಣವಾದ ಪರೀಕ್ಷೆ ಬಂದದ್ದು ಆಮೇಲೆ. 1976ರ 42ನೇ ತಿದ್ದುಪಡಿಯು, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದು 368ನೇ ಅನುಚ್ಛೇದದಲ್ಲಿ ನೇರವಾಗಿ ಬರೆಯಿತು. ಇನ್ನು ಗ್ರಂಥ ಮೌನವಾಗಿದೆ ಎಂದು ಹೇಳುವಂತಿರಲಿಲ್ಲ. ರಾಷ್ಟ್ರೀಕರಣಗೊಂಡ ಬೆಂಗಳೂರಿನ ಮಿನರ್ವ ಮಿಲ್ಸ್‌ನ ಮೊಕದ್ದಮೆಯಲ್ಲಿ, 1980ರಲ್ಲಿ, ಸುಪ್ರೀಂ ಕೋರ್ಟು ಆ ಸಾಲುಗಳನ್ನೇ ಅಸಿಂಧುಗೊಳಿಸಿತು. ಮಿತವಾದ ಅಧಿಕಾರವನ್ನು ಬಳಸಿ ಅದನ್ನೇ ಅಮಿತವಾಗಿಸಿಕೊಳ್ಳಲಾಗದು ಎಂಬ ಅದರ ತರ್ಕವನ್ನು ಲಕ್ಷಣೆಯಿಂದ ಸಮರ್ಥಿಸುವುದು ಕಷ್ಟ. ಆರಂಭ ಮತ್ತು ಮುಕ್ತಾಯಗಳ ಏಕವಾಕ್ಯತೆಯಿಂದ ಇಡೀ ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಿ, ಅದಕ್ಕೆ ವಿರುದ್ಧವಾದ ಬಿಡಿವಾಕ್ಯವನ್ನು ಬದಿಗಿಡುವ ವೇದಾಂತಿಗಳ ಉಪಕ್ರಮ-ಉಪಸಂಹಾರ ನ್ಯಾಯವೇ ಅದಕ್ಕೆ ಹೆಚ್ಚು ಹತ್ತಿರ. ಬಹುಮತದ ಆ ತೀರ್ಪನ್ನು ಬರೆದವರು ವೈ. ವಿ. ಚಂದ್ರಚೂಡರು, 1973ರಲ್ಲಿ ಅವರು ಸಂಸತ್ತಿನ ಅಧಿಕಾರಕ್ಕೆ ಎಲ್ಲೆಯಿಲ್ಲವೆಂದ ಆರು ಮಂದಿಯಲ್ಲಿ ಒಬ್ಬರಾಗಿದ್ದರು.