ಹೊರಗಿಟ್ಟವರು, ಒಳಗುಳಿದವರು

ಸತ್ತವನೊಬ್ಬನ ಶವವನ್ನು ದಹಿಸಲು ಯಾರೂ ಮುಂದೆ ಬರುವುದಿಲ್ಲ. ಬದುಕಿರುವವಳೊಬ್ಬಳಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡುತ್ತಾನೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಮತ್ತು ‘ಘಟಶ್ರಾದ್ಧ’ ಕಥೆಗಳ ಹುರುಳನ್ನು ಹೀಗೆ ಎರಡು ವಾಕ್ಯಗಳಲ್ಲಿ ಹೇಳಬಹುದು. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ವು 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಮೊದಲು ಸೆನ್ಸಾರ್ ಮಂಡಳಿಯ ತಡೆಗೆ ಒಳಗಾದ ಆ ಚಿತ್ರವೇ ಮುಂದೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಪ್ರಥಮ ಬಾರಿಗೆ ತಂದಿತು. ‘ಘಟಶ್ರಾದ್ಧ’ವನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ತಮ್ಮ ಮೊದಲ ಚಿತ್ರವಾಗಿ ತೆರೆಗೆ ತಂದು ಅದೇ ಪುರಸ್ಕಾರವನ್ನು ಪಡೆದರು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿಯು ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಚಿತ್ರಗಳು ಹಳೆಯವಾದರೂ ಅವು ಕೇಳುವ ಪ್ರಶ್ನೆ ಹಳೆಯದಾಗಿಲ್ಲ: ತನ್ನ ಶುದ್ಧಿಯನ್ನು ಕಾಪಾಡಿಕೊಳ್ಳುವ ಸಲುವಾಗಿ ಒಂದು ಸಮುದಾಯವು ತನ್ನವರೇ ಆದ ಒಬ್ಬರನ್ನು ‘ನಮ್ಮವರಲ್ಲ’ ಎಂದು ಘೋಷಿಸಬಹುದೇ? ಘೋಷಿಸಿದರೆ, ಹೊರಗಾದವರಿಗಿಂತಲೂ ಒಳಗೆ ಉಳಿದವರಿಗೆ ಏನಾಗುತ್ತದೆ?

ದುರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆತ ಮಾಂಸ ತಿಂದವನು, ಕುಡಿದವನು, ಚಂದ್ರಿಯೆಂಬ ಹೆಣ್ಣನ್ನು ಮನೆಗೆ ತಂದು ಇರಿಸಿಕೊಂಡವನು, ದೇವಸ್ಥಾನದ ಹೊಂಡದ ಮೀನನ್ನು ಹಿಡಿದವನು. ಇಂಥವನಿಗೆ ಬ್ರಾಹ್ಮಣ ಸಂಸ್ಕಾರ ಸಲ್ಲುವುದೇ? ಶವವು ಎದ್ದು ಹೋಗುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಪೂಜೆ ನಡೆಯುವಂತಿಲ್ಲ. ಬಂಧುಗಳಾದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ಮೊದಲು ಹಿಂಜರಿಯುತ್ತಾರೆ. ಅಂತ್ಯಕ್ರಿಯೆಯ ವೆಚ್ಚಕ್ಕೆಂದು ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಇಟ್ಟೊಡನೆ ಅವರ ಹಿಂಜರಿಕೆ ಪೈಪೋಟಿಯಾಗಿ ಬದಲಾಗುತ್ತದೆ. ಇಂಥ ಆಸೆಬುರುಕರನ್ನು ನೋಡಿ ನಗುವುದು ನಮಗೆ ಸುಲಭ. ಅವರನ್ನು ಖಂಡಿಸುವುದಷ್ಟೇ ಲೇಖಕರ ಉದ್ದೇಶವಾಗಿದ್ದರೆ ಅದು ಸಾಧಾರಣ ವಿಡಂಬನೆಯಾಗಿ ಮುಗಿಯುತ್ತಿತ್ತು.

ಕೃತಿಯನ್ನು ದೊಡ್ಡದಾಗಿಸುವ ಪಾತ್ರ ಪ್ರಾಣೇಶಾಚಾರ್ಯರದು. ಚಿತ್ರದಲ್ಲಿ ಗಿರೀಶ ಕಾರ್ನಾಡರು ನಿರ್ವಹಿಸಿದ ಈ ಪಾತ್ರದಲ್ಲಿ ಆಷಾಢಭೂತಿತನವಿಲ್ಲ. ಅವರು ನಿಜವಾಗಿಯೂ ವಿದ್ವಾಂಸರು, ನಿಸ್ಪೃಹರು, ರೋಗಿಯಾದ ಪತ್ನಿಯನ್ನು ವರ್ಷಗಟ್ಟಲೆ ಶುಶ್ರೂಷೆ ಮಾಡಿದವರು. ಪರಿಹಾರಕ್ಕಾಗಿ ಅವರು ಗ್ರಂಥಗಳನ್ನು ಮಗುಚುತ್ತಾರೆ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಉತ್ತರ ದೊರೆಯುವುದಿಲ್ಲ. ಇತ್ತ ಶವ ಕೊಳೆಯುತ್ತಿರುತ್ತದೆ, ಊರಿನಲ್ಲಿ ಇಲಿಗಳು ಬಿದ್ದು ಸಾಯುತ್ತಿರುತ್ತವೆ, ಹದ್ದುಗಳು ಮಾಡುಗಳ ಮೇಲೆ ಬಂದು ಕೂರುತ್ತವೆ. ಒಳ್ಳೆಯವರೊಬ್ಬರು ಒಳ್ಳೆಯ ಉದ್ದೇಶದಿಂದ ಹುಡುಕುತ್ತಿರುವಾಗಲೇ ಇಷ್ಟೆಲ್ಲ ಕೆಡುತ್ತಿದೆ ಎಂಬುದೇ ಇಲ್ಲಿನ ದುರಂತ. ‘ಯಾರಿಗೆ ಅಧಿಕಾರವಿದೆ?’ ಎಂಬ ಪ್ರಶ್ನೆಯನ್ನು ಹಿಡಿದವರಿಗೆ ‘ಯಾರು ಹೊರುತ್ತಾರೆ?’ ಎಂಬ ಪ್ರಶ್ನೆ ಕೇಳಿಸುವುದೇ ಇಲ್ಲ. ಇನ್ನೂ ಕಟುವಾದ ಸತ್ಯವೊಂದಿದೆ. ಪತ್ನಿಯ ಸೇವೆಯೂ ಆಚಾರ್ಯರಿಗೆ ತಮ್ಮ ಮುಕ್ತಿಯ ಮೆಟ್ಟಿಲಾಗಿತ್ತು. ಮತ್ತೊಬ್ಬರ ನೋವನ್ನು ನಮ್ಮ ಪುಣ್ಯದ ಲೆಕ್ಕಕ್ಕೆ ಬರೆದುಕೊಂಡಾಗ ನಮ್ಮ ಒಳ್ಳೆಯತನದಲ್ಲಿಯೇ ಅವರ ಮುಖ ಮರೆಯಾಗುತ್ತದೆ.

ಕೊನೆಗೆ ಹೊರುವವರು ಯಾರು? ಚಂದ್ರಿ ರಾತ್ರಿಯ ಹೊತ್ತು ಮುಸ್ಲಿಮನೊಬ್ಬನ ನೆರವು ಪಡೆದು ಶವವನ್ನು ಗಾಡಿಯಲ್ಲಿ ಸಾಗಿಸಿ ದಹನ ಮಾಡಿಸುತ್ತಾಳೆ. ಅಧಿಕಾರವಿಲ್ಲದ ಇಬ್ಬರು ಕರ್ತವ್ಯವನ್ನು ಪೂರೈಸುತ್ತಾರೆ. ಶುಭಸಂದೇಶದಲ್ಲಿ ದಾರಿಬದಿಯ ಗಾಯಾಳುವನ್ನು ಎತ್ತಿಕೊಂಡವನು ಹೊರಗಿನವನಾದ ಸಮಾರಿಯದವನು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಆದರೂ ಕಾದಂಬರಿಯ ಮೇಲೆ ಒಂದು ಆಕ್ಷೇಪವನ್ನು ಎತ್ತಲೇಬೇಕು. ಆಚಾರ್ಯರ ಅಂತರಂಗದ ತೊಳಲಾಟಕ್ಕೆ ಪುಟಗಟ್ಟಲೆ ಜಾಗ ದೊರೆತಿರುವಾಗ, ಚಂದ್ರಿ ತನ್ನ ಪಾಲಿನ ಕೆಲಸ ಮುಗಿಸಿ ಕಥೆಯಿಂದ ಮರೆಯಾಗುತ್ತಾಳೆ. ಆಕೆ ಮುಂದೆ ಹೇಗೆ ಬದುಕಿದಳೆಂದು ನಮಗೆ ತಿಳಿಯದು. ಬಹಿಷ್ಕಾರವನ್ನು ಪ್ರಶ್ನಿಸುವ ಕೃತಿಯೂ ಯಾರನ್ನಾದರೂ ಅಂಚಿನಲ್ಲಿ ಬಿಟ್ಟುಬಿಡಬಹುದು.

‘ಘಟಶ್ರಾದ್ಧ’ದಲ್ಲಿ ಅಂಚಿನಲ್ಲಿರುವವಳೇ ನಡುವೆ ಬರುತ್ತಾಳೆ. ಯಮುನಕ್ಕ ತರುಣ ವಿಧವೆ. ವೇದಪಾಠ ಹೇಳುವ ಉಡುಪರ ಮಗಳು. ಮನೆ ಬಿಟ್ಟು ಪಾಠಕ್ಕೆ ಬಂದ ಪುಟ್ಟ ಬಾಲಕ ನಾಣಿಗೆ ಆಕೆಯ ಅಕ್ಕರೆಯೇ ಆಸರೆ. ಶಾಲಾ ಮಾಸ್ತರನೊಬ್ಬನಿಂದ ಗರ್ಭಿಣಿಯಾದ ಆಕೆ ಎಲ್ಲರಿಂದಲೂ ಪರಿತ್ಯಕ್ತಳಾಗುತ್ತಾಳೆ. ಮಡಕೆಯೊಡೆದು, ಬದುಕಿರುವ ಮಗಳು ಸತ್ತಳೆಂದು ತಂದೆ ವಿಧಿ ಪೂರೈಸುತ್ತಾನೆ. ತನ್ನ ತಂದೆಯೊಡನೆ ಊರಿಗೆ ಹಿಂತಿರುಗುವ ನಾಣಿಯ ಕಣ್ಣಿಗೆ, ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿರುವ ಯಮುನಕ್ಕ ಬೀಳುತ್ತಾಳೆ. ಹಿರಿಯರ ಮಾತಿನ ಪ್ರಕಾರ ಆಕೆ ಇಲ್ಲ. ಮಗುವಿನ ಕಣ್ಣಿನ ಪ್ರಕಾರ ಆಕೆ ಇದ್ದಾಳೆ.

ಎರಡು ಕಥೆಗಳ ಬೇರು ಇಲ್ಲಿ ಕೂಡುತ್ತದೆ. ಸಮುದಾಯಕ್ಕೆ ನಿಯಮಗಳು ಬೇಡವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಿಯಮವಿಲ್ಲದೆ ಯಾವ ಸಮುದಾಯವೂ ಬಾಳದು. ‘ಈ ಕೃತ್ಯ ತಪ್ಪು’ ಎಂದು ಹೇಳುವ ಹಕ್ಕು, ಒಮ್ಮೊಮ್ಮೆ ಹೊಣೆಯೂ, ಅದಕ್ಕೆ ಇದೆ. ಆದರೆ ‘ಈ ವ್ಯಕ್ತಿ ನಮ್ಮವನಲ್ಲ’ ಎಂಬುದು ಬೇರೆಯೇ ಬಗೆಯ ಮಾತು. ಮೊದಲನೆಯದು ತೀರ್ಪು, ಎರಡನೆಯದು ಸುಳ್ಳು. ನಾರಣಪ್ಪನ ಶವ ಅಗ್ರಹಾರದ ಮನೆಯಲ್ಲಿಯೇ ಇದೆ. ಯಮುನಕ್ಕ ಮರದ ಕೆಳಗೆ ಉಸಿರಾಡುತ್ತಿದ್ದಾಳೆ. ಬಹಿಷ್ಕಾರವು ತನ್ನ ಸದಸ್ಯರೆಲ್ಲರೂ ಕಂಡದ್ದನ್ನು ಕಾಣಲಿಲ್ಲವೆಂದು ಹೇಳುವಂತೆ ಒತ್ತಾಯಿಸುತ್ತದೆ. ಈ ಸುಳ್ಳನ್ನು ಅಭ್ಯಾಸ ಮಾಡಿಕೊಂಡ ಕಣ್ಣು ಬೇರೆ ಸತ್ಯಗಳಿಗೂ ಕುರುಡಾಗುತ್ತದೆ. ಒಳಗುಳಿದವರಿಗೆ ಆಗುವ ಹಾನಿ ಇದೇ.

ಈ ಕಥೆಗಳನ್ನು ಓದಿ, ಇದು ಯಾವುದೋ ಅಗ್ರಹಾರದ ಸಂಗತಿಯೆಂದು ನಿಟ್ಟುಸಿರುಬಿಟ್ಟು ಕೂರುವ ಹಕ್ಕು ನಮಗಿಲ್ಲ. ಮೃತರ ಭೂಸ್ಥಾಪನೆಯನ್ನು ದಯಾಕಾರ್ಯಗಳಲ್ಲಿ ಒಂದೆಂದು ಬೋಧಿಸುತ್ತ ಬಂದ ಧರ್ಮಸಭೆಯ 1917ರ ಕಾನೂನು ಸಂಹಿತೆಯು, ಉದ್ದೇಶಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡು ಪಶ್ಚಾತ್ತಾಪದ ಕುರುಹನ್ನೂ ತೋರದವರಿಗೆ ಧಾರ್ಮಿಕ ಭೂಸ್ಥಾಪನೆಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ಪಟ್ಟಿಯಿಂದ ಅವರನ್ನು ಕೈಬಿಡಲಾಯಿತು.

ಆ ಬದಲಾವಣೆಗೆ ಮುಂಚಿನ ಮಾತಿದು. ನಮ್ಮೂರಿನ ಸಮಾಧಿಭೂಮಿಯ ಬೇಲಿಯಾಚೆ, ಲಂಟಾನದ ಪೊದೆಗಳ ನಡುವೆ, ಶಿಲುಬೆಯಿಲ್ಲದ ಮಣ್ಣಿನ ದಿಬ್ಬವೊಂದಿತ್ತು. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಎಲ್ಲರೂ ತಮ್ಮ ತಮ್ಮ ಹಿರಿಯರ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಿದ್ದರು. ಒಬ್ಬ ಮುದುಕಿ ಮಾತ್ರ ಜನ ಚದುರಿದ ಮೇಲೆ ಬೇಲಿಯ ಸಂದಿನಲ್ಲಿ ಕೈ ತೂರಿಸಿ ಆಚೆಗೊಂದು ಬತ್ತಿ ಇಡುತ್ತಿದ್ದಳು. ಗುರುಗಳು ಕಂಡೂ ಕಾಣದವರಂತೆ ಜಪಮಾಲೆ ತಿರುಗಿಸುತ್ತ ನಡೆದುಹೋಗುತ್ತಿದ್ದರು. ಅವರಿಂದ ಸಾಧ್ಯವಾಗಿದ್ದ ಕರುಣೆ ಬಹುಶಃ ಅಷ್ಟೇ ಇತ್ತು. ‘ಅಪ್ಪಾ, ಅಲ್ಲಿ ಯಾರಿದ್ದಾರೆ?’ ಎಂದು ನಾನು ಕೇಳಿದೆ. ‘ಯಾರೂ ಇಲ್ಲ, ನಡಿ’ ಎಂದು ಅಪ್ಪ ಕೈಹಿಡಿದು ಎಳೆದರು. ಅಪ್ಪ ಕಠಿಣಹೃದಯದವರಾಗಿರಲಿಲ್ಲ. ಊರೆಲ್ಲ ಹೇಳುತ್ತಿದ್ದ ಮಾತನ್ನೇ ಅವರೂ ಹೇಳಿದ್ದರು.

ಮರುವರ್ಷ ಅದೇ ಬೇಲಿಯ ಬಳಿ ನನ್ನ ತಮ್ಮ ಅದೇ ಪ್ರಶ್ನೆಯನ್ನು ನನಗೆ ಕೇಳಿದ. ‘ಯಾರೂ ಇಲ್ಲ’ ಎಂದೆ. ಬತ್ತಿ ಇನ್ನೂ ಉರಿಯುತ್ತಿತ್ತು.

ಮುಂದೆ ನಿಯಮ ಬದಲಾಯಿತು. ನಿಯಮ ಬದಲಾಗಬೇಕಾದದ್ದು ಅಗತ್ಯವೇ. ಆದರೆ ನಾವು ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಕೆಲಸವನ್ನು ಯಾವ ಸಂಹಿತೆಯೂ ನಮ್ಮ ಪರವಾಗಿ ಮಾಡಲಾರದು. ಬಹುಕಾಲದ ನಂತರ ಊರಿಗೆ ಹೋದಾಗ ಆ ದಿಬ್ಬವನ್ನು ಹುಡುಕಿದೆ. ಪೊದೆ ಬೆಳೆದು ನೆಲ ಸಮವಾಗಿತ್ತು; ಮುದುಕಿಯೂ ತೀರಿಕೊಂಡಿದ್ದಳು. ಜೊತೆಯಲ್ಲಿದ್ದ ತಮ್ಮನಿಗೆ, ‘ಅಲ್ಲಿ ಒಬ್ಬರಿದ್ದಾರೆ. ಅವರ ಹೆಸರನ್ನು ನಾವು ಕೇಳಲೇ ಇಲ್ಲ’ ಎಂದೆ. ತಡವಾಗಿತ್ತು. ಆದರೂ ಅಂದು ನಾವಿಬ್ಬರೂ ಬೇಲಿಯ ಕಂಬವೊಂದರ ಬುಡದಲ್ಲಿ ಬತ್ತಿ ಹಚ್ಚಿ ಮೌನವಾಗಿ ನಿಂತೆವು.